ಟ್ರಂಕಿನಲ್ಲಿ ಸಿಕ್ಕ ಅರ್ಧ ಸ್ವೆಟರ್: ಬಿಚ್ಚಲಾ, ಮುಗಿಸಲಾ? ಜೊತೆಗೆ ಈ ಮಳೆಯಲ್ಲಿ ಏನು ಓದ್ತೀರಿ, ಏನು ಮಾಡ್ಕೊಂಡು ತಿಂತೀರಿ

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಗಣಪತಿ ಹೋದ. ಮಹಾನವಮಿ ಇನ್ನೂ ಬಂದಿಲ್ಲ. ನಡುವೆ ಪಕ್ಷದ ಹದಿನೈದು ದಿನ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಎಲ್ಲಿಗೂ ಕರೆಯುವುದಿಲ್ಲ. ಮೇಲಿಂದ ಉತ್ತರಿ ಮಳೆ. ಮಧ್ಯಾಹ್ನ ಎರಡು ಗಂಟೆಗೆ ಮನೆಯೊಳಗೆ ಬೆವರದೆ ಕೂರಬಹುದಾದ ದಿನ ಬಳ್ಳಾರಿಯಲ್ಲಿ ವರ್ಷಕ್ಕೆ ಎಷ್ಟಿವೆ ಹೇಳಿ? ಅದರಲ್ಲಿ ಇವೂ ಸೇರಿವೆ. ನನಗಂತೂ ದೀಪಾವಳಿಗಿಂತ ಈ ದಿನಗಳೇ ಇಷ್ಟ.

ವಿಷಯಕ್ಕೆ ಬರ್ತೀನಿ. ಮಹಾನವಮಿಗೆ ಮುಂಚೆ ಹಾಸಿಗೆ ಒಗೆಯುವ ಪದ್ಧತಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಮೊನ್ನೆ ಎರಡು ದಿನ ಬಿಸಿಲು ಬಿತ್ತು ಅಂತ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ನಾಲ್ಕು ಕೌದಿ, ಒಂದು ಜಮಖಾನ. ಎಲ್ಲದರ ಕೆಳಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿ ನೋಡಿದರೆ ಅರ್ಧ ಹೆಣೆದ ಸ್ವೆಟರ್! ಬಾಟಲಿ ಹಸಿರು ಬಣ್ಣ. ಬೆನ್ನು ಆಗಿದೆ, ಎದೆ ಆಗಿದೆ, ಒಂದು ತೋಳು ಆಗಿದೆ. ಇನ್ನೊಂದು ತೋಳು ನಾಲ್ಕು ಬೆರಳಿನಷ್ಟು ಬಂದು ಕಡ್ಡಿಯ ಮೇಲೆಯೇ ನಿಂತಿದೆ. ಜೊತೆಗೆ ಎರಡು ಉಂಡೆ ಉಲ್ಲನ್.

ಅಮ್ಮನನ್ನು ಕೇಳಿದೆ. 1989ರಲ್ಲಿ ಅಪ್ಪನಿಗೆ ಬೆಳಗಾವಿಗೆ ವರ್ಗ ಆಗುತ್ತದೆ ಅಂತ ಸುದ್ದಿ ಹಬ್ಬಿತ್ತಂತೆ. ಚಳಿ ಊರು, ಇವರಿಗೆ ನೆಗಡಿ ಬೇರೆ ಜಾಸ್ತಿ ಅಂತ ಅಮ್ಮ ಪಕ್ಕದ ಕ್ವಾರ್ಟರ್ಸಿನವರ ಹತ್ತಿರ ಕಲಿತು ಶುರು ಮಾಡಿದರಂತೆ. ವರ್ಗ ರದ್ದಾಯಿತು. ಸ್ವೆಟರೂ ಅಲ್ಲಿಗೇ ನಿಂತಿತು. "ಬಳ್ಳಾರಿಯಾಗ ಸ್ವೆಟರ್ ಹಾಕ್ಕೊಂಡು ಎಲ್ಲಿಗೆ ಹೋಗಬೇಕಿತ್ತವಾ" ಅಂತ ನಕ್ಕು ಸುಮ್ಮನಾದರು.

ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ನನಗೆ ಒಂದೇ ಕೊಂಡಿಯಲ್ಲಿ ಹಾಕುವ ಕ್ರೋಶಾ ಬರುತ್ತದೆ, ಎರಡು ಕಡ್ಡಿಯ ಹೆಣಿಗೆ ಬರುವುದಿಲ್ಲ. ಅಮ್ಮನಿಗೆ ಕಣ್ಣು ಮಂಜು. ಏನು ಮಾಡಲಿ? ಬಿಚ್ಚಿ ಬೇರೆ ಏನಾದರೂ ಹಾಕಲಾ, ಇದನ್ನೇ ಮುಗಿಸಲಾ, ಇದ್ದ ಹಾಗೇ ಮತ್ತೆ ಗಂಟು ಕಟ್ಟಿ ಇಡಲಾ?

ಹಾಗೇ ನೀವೆಲ್ಲ ಈ ದಿನಗಳಲ್ಲಿ ಮನೆಯಲ್ಲಿ ಕೂತು ಏನು ಮಾಡ್ತಿದ್ದೀರಿ, ಅದನ್ನೂ ಬರೆಯಿರಿ. ಸುಮ್ನೆ ಓದಿ ಹೋಗಬೇಡಿ.

ಸಿಂಧನೂರು ಸಜ್ಜೆ

ಅಕ್ಕಾ, ಬಿಚ್ಚುವ ಮಾತು ಆಮೇಲೆ. ಮೊದಲು ಅದು ಉಣ್ಣೆಯೋ ಅಕ್ರಿಲಿಕ್ಕೋ ನೋಡಿ. ನಮ್ಮ ಕಡೆ ಅಂಗಡಿಯಲ್ಲಿ "ಉಲ್ಲನ್" ಅಂತ ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್ಕೇ. ಕುರಿಗೂ ಅದಕ್ಕೂ ಸಂಬಂಧ ಇಲ್ಲ.

ಎರಡು ಇಂಚು ನೂಲು ಕತ್ತರಿಸಿ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಬಚ್ಚಲಲ್ಲಿ ಮಾಡಿ, ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಬೆಂಕಿ ದೂರ ಮಾಡಿದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿ ಪುಡಿ ಆಗುತ್ತದೆ. ಅಕ್ರಿಲಿಕ್ ಆದರೆ ಕರಗಿಕೊಂಡು ಉರಿಯುತ್ತದೆ, ಕಪ್ಪು ಹೊಗೆ, ಕೊನೆಗೆ ಗಟ್ಟಿ ಮಣಿಯ ಹಾಗೆ ಉಳಿಯುತ್ತದೆ. ಅದು ಬಿಸಿ ಇರುವಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ. ನನಗೆ ಅನುಭವ ಇದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಅದು ನಿಮಗೇ ಗೊತ್ತಾಗುತ್ತದೆ.

ನಮ್ಮ ಮನೆ ಕಥೆ: ಈ ವರ್ಷದ ಸಜ್ಜೆ ಇನ್ನೇನು ಬರುತ್ತದೆ. ಕಾಯುತ್ತಾ ಕೂತಿದ್ದೇನೆ.

ಬೆಂಗಳೂರಿನಲ್ಲಿರೋ ಮಾನ್ವಿಯವ

ಇಲ್ಲಿ ನನ್ನ ಆಫೀಸಿನವರು ಶರತ್ಕಾಲ ಅಂತ ಫೋಟೋ ಹಾಕ್ತಾರೆ. ಕಿತ್ತಳೆ ಬಣ್ಣದ ಎಲೆ, ಕಾಫಿ ಕಪ್ಪು, ಕಾಲ ಮೇಲೆ ಉಣ್ಣೆ ಹೊದಿಕೆ, ಮಗ್ಗುಲಲ್ಲಿ ಬೆಕ್ಕು. ಎಲ್ಲ ಯಾವುದೋ ದೇಶದ್ದು. ನಮ್ಮ ಶರದೃತು ಅಂದರೆ ಆಶ್ವಯುಜ, ಕಾರ್ತಿಕ. ಆಗ ಮಾನ್ವಿಯಲ್ಲಿ ಎಲೆ ಎಲ್ಲಿ ಉದುರುತ್ತದೆ? ತೊಗರಿ ಹೂವಿಗೆ ಬರುತ್ತಿರುತ್ತದೆ. ಹತ್ತಿ ಕಾಯಿ ಕಟ್ಟಿ ಒಡೆಯೋಕೆ ಶುರು ಆಗಿರುತ್ತದೆ. ಹಿಂಗಾರಿ ಬಿಳಿಜೋಳ ಬಿತ್ತೋಕೆ ಅಪ್ಪ ಕೂರಿಗೆ ಹುಡುಕುತ್ತಿರುತ್ತಾರೆ. ವರ್ಷದಲ್ಲಿ ನೆಲ ಇಷ್ಟು ಹಸಿರಾಗಿ ಕಾಣುವುದು ಆಗಲೇ. ನಮ್ಮಲ್ಲಿ ಎಲೆ ಉದುರೋದು ಶಿವರಾತ್ರಿ ಹೊತ್ತಿಗೆ.

ನಾನೂ ಹೋದ ವರ್ಷ ಆ ಫೋಟೋ ನೋಡಿ ದಪ್ಪನೆ ನೂಲು ತರಿಸಿ ಹೊದಿಕೆ ಹೆಣೆಯೋಕೆ ಕೂತೆ. ರಜೆಗೆ ಊರಿಗೆ ಬಂದಾಗ ತೊಡೆ ಮೇಲೆ ಇಟ್ಟುಕೊಂಡರೆ ಹತ್ತೇ ನಿಮಿಷಕ್ಕೆ ಬೆವರು. ಅವ್ವ ನೋಡಿ, "ಇದೇನೋ, ಕರಡಿ ಸಾಕೀಯೇನು?" ಅಂದಳು. ಅದು ಈಗ ನಾಯಿಗೆ ಹಾಸಿಗೆ ಆಗಿದೆ.

ಸ್ವೆಟರ್ ಮುಗಿಸಿ ಬೆಂಗಳೂರಿಗೆ ಕಳಿಸಿ ಅಕ್ಕಾ. ಇಲ್ಲಿ ಚಳಿ ಇದೆ, ನಾನು ಹಾಕ್ಕೊಳ್ತೀನಿ.

ಸಂಡೂರು ಸೂಜಿ

ನಾನು ಬಿಚ್ಚಿ ಅಂತಲೇ ಹೇಳುವವಳು. ಮೂವತ್ತು ಮೂವತ್ತೈದು ವರ್ಷ ಮಡಿಸಿಟ್ಟದ್ದು ಮಡಿಕೆಯಲ್ಲೇ ಸವೆದಿರುತ್ತದೆ. ಹಾಗೇ ಇಟ್ಟರೆ ಇನ್ನೂ ಹಾಳಾಗುತ್ತದೆ. ನೂಲು ಚೆನ್ನಾಗಿದ್ದರೆ ಅದಕ್ಕೆ ಇನ್ನೊಂದು ಜನ್ಮ ಕೊಡಿ.

ಬಿಚ್ಚುವ ಕ್ರಮ ಹೇಳ್ತೀನಿ. ಹೊಲಿದು ಜೋಡಿಸಿಲ್ಲವಲ್ಲ, ಅರ್ಧ ಕೆಲಸ ಉಳಿಯಿತು. ಕೊನೆಯ ಸಾಲಿನ ಗಂಟು ಹುಡುಕಿ ಎಳೆಯಿರಿ. ಎಳೆದದ್ದನ್ನು ನೇರ ಉಂಡೆ ಸುತ್ತಬೇಡಿ. ಕುರ್ಚಿಯನ್ನು ತಿರುಗಿಸಿ ಅದರ ಬೆನ್ನಿಗೆ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ತೂಗು ಹಾಕಿ. ಕೆಳಗೆ ಒಂದು ಸಣ್ಣ ಲೋಟ ಕಟ್ಟಿದರೆ ಸುರುಳಿ ಬಿಡುತ್ತದೆ. ಇದು ಉಣ್ಣೆಗೆ. ಅಕ್ರಿಲಿಕ್ ಅಷ್ಟು ಬೇಗ ಮಾತು ಕೇಳುವುದಿಲ್ಲ. ಸ್ವಲ್ಪ ಆವಿ ತೋರಿಸಬೇಕು, ದೂರದಿಂದ. ಆವಿ ಜಾಸ್ತಿ ಆಯಿತೋ, ನೂಲು ಸತ್ತ ಹಾವಿನ ಹಾಗೆ ಜೋತು ಬೀಳುತ್ತದೆ. ಮತ್ತೆ ಪುಟಿಯುವುದಿಲ್ಲ.

ಇನ್ನೊಂದು ಮಾತು. ಅಕ್ರಿಲಿಕ್ಕಿನಲ್ಲಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾತ್ರ ಮಾಡಬೇಡಿ. ಕರಗಿ ಕೈಗೆ ಅಂಟುತ್ತದೆ. ಅದಕ್ಕೆ ಹತ್ತಿ ನೂಲೇ ಬೇಕು. ನಾನು ಈಗ ಅದನ್ನೇ ಹಾಕ್ತಿದ್ದೇನೆ, 3.5 ಎಂಎಂ ಕೊಂಡಿಯಲ್ಲಿ, ಎರಡು ಪದರ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಅದಕ್ಕೇ ಒಂದು ಬೆರಳು ದೊಡ್ಡದು ಹಾಕಿಕೊಳ್ತೀನಿ.

ಕೇಳಿದ್ದರಿಂದ ಹೇಳ್ತೀನಿ, ನಮ್ಮ ಊರಿನಲ್ಲಿ ಸೂಜಿ ಹಿಡಿಯೋಕೆ ಕಾಲ ಅಂತ ಇಲ್ಲ. ಸಂಡೂರು ಲಂಬಾಣಿ ಕಸೂತಿಗೆ ಜಿಐ, ಅಂದರೆ ಇದು ಈ ಊರಿನದೇ ಕೆಲಸ ಅನ್ನುವ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ ನಮ್ಮ ತಾಂಡಾದ ಹೆಣ್ಣುಮಕ್ಕಳು ಮಾಡಿದ 1755 ತುಣುಕುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. ಪಕ್ಕದ ಮನೆಯವರ ಕೈ ನೋಡಿ ನಾನು ಕಲಿತದ್ದು ಅದರಲ್ಲಿ ಕಾಲು ಪಾಲೂ ಇಲ್ಲ.

ಕೊಪ್ಪಳದ ಮಾಸ್ತರ

ಬಿಚ್ಚಬೇಡಿ. ಸಂಡೂರಿನವರ ಮಾತಿಗೆ ನನ್ನ ವಿರೋಧ ಇದೆ. ನೂಲು ಅಂಗಡಿಯಲ್ಲಿ ಸಿಗುತ್ತದೆ. 1989ರ ನಿಮ್ಮ ತಾಯಿಯ ಕೈ ಅಂಗಡಿಯಲ್ಲಿ ಸಿಗುವುದಿಲ್ಲ.

ನನಗೆ ಹೆಣಿಗೆ ಗೊತ್ತಿಲ್ಲ, ನಿವೃತ್ತ ಮಾಸ್ತರ. ಓದುವುದು ಗೊತ್ತು. ಈ ದಿನಗಳಲ್ಲಿ ನನಗೆ ದೊಡ್ಡ ಕೆಲಸ ಓದುವುದಲ್ಲ, ಪುಸ್ತಕ ಉಳಿಸುವುದು. ನಮ್ಮ ಕಡೆ ಸೆಪ್ಟೆಂಬರಿನಲ್ಲೇ ಮಳೆ ಜಾಸ್ತಿ. ಗೋಡೆಗೆ ತಾಗಿದ ಕಪಾಟಿನ ಪುಸ್ತಕಗಳಿಗೆ ಬೂಸಲು. ಜೊತೆಗೆ ಬೆಳ್ಳಿ ಹುಳ. ಅಂಟು, ಗಂಜಿ ಅಂದರೆ ಅದಕ್ಕೆ ಪ್ರಾಣ, ಪುಸ್ತಕದ ಬೆನ್ನಿನಿಂದಲೇ ತಿನ್ನೋಕೆ ಶುರು ಮಾಡುತ್ತದೆ. ಬಿಸಿಲು ಬಿದ್ದ ದಿನ ನಾನು ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಪುಸ್ತಕ ನಿಲ್ಲಿಸಿ ಬಿಡಿಸಿ ಗಾಳಿಗೆ ಇಡುತ್ತೇನೆ. ನೇರ ಬಿಸಿಲಿಗಲ್ಲ, ಹಾಳೆ ಹಳದಿ ಆಗುತ್ತದೆ. ಒಣಗಿದ ಬೇವಿನ ಎಲೆ ಪೊಟ್ಟಣ ಕಟ್ಟಿ ಹಿಂದೆ ಹಾಕುತ್ತೇನೆ. ಹಸಿ ಎಲೆ ಹಾಕಬೇಡಿ, ಅದೇ ತೇವ ಕೊಡುತ್ತದೆ.

ಹಾಗೆ ಗಾಳಿಗೆ ಇಟ್ಟಾಗಲೇ ಅಲ್ವಾ ಮರೆತ ಪುಸ್ತಕ ಕೈಗೆ ಸಿಗುವುದು. ಈ ಸಲ ಕವಿರಾಜಮಾರ್ಗ ಸಿಕ್ಕಿತು. ಒಂಬತ್ತನೇ ಶತಮಾನದ ಆ ಗ್ರಂಥ ಕನ್ನಡದ ತಿರುಳಿರುವ ನಾಡು ಅಂತ ನಾಲ್ಕು ಊರಿನ ನಡುವಿನ ಜಾಗ ತೋರಿಸುತ್ತದೆ. ಕಿಸುವೊಳಲ್, ಪುಲಿಗೆರೆ, ಒಂಕುಂದ, ಮತ್ತೆ ನಮ್ಮ ಕೊಪಣ, ಅಂದರೆ ಕೊಪ್ಪಳ. ಆದ್ದರಿಂದ ಬೆಂಗಳೂರಿಗೆ ಹೋದಾಗ ಯಾರಾದರೂ "ನಿಮ್ಮ ಕನ್ನಡ ಒಂಥರಾ ಇದೆ" ಅಂದರೆ ನಾನು ಜಗಳ ಆಡುವುದಿಲ್ಲ, ನಗುತ್ತೇನೆ.

ಬೆಂಗಳೂರಿನಲ್ಲಿರೋ ಮಾನ್ವಿಯವ

ಮಾಸ್ತರ್ರೇ, ಇದನ್ನ ಪ್ರಿಂಟ್ ಹಾಕಿಸಿ ಆಫೀಸಿನಲ್ಲಿ ಅಂಟಿಸ್ತೀನಿ.

ಗಂಗಾವತಿ ಗದ್ದೆ

ನಾನು ಗಂಡಸು, ಅಡುಗೆ ಮಾಡ್ತೀನಿ. ಮನೆಯಾಕೆ ಕ್ರೋಶಾ ಹಾಕ್ತಾಳೆ. ಈ ಮಳೆಯಲ್ಲಿ ನಮ್ಮ ಮನೆಯ ಜಗಳ ಒಂದೇ. ನಾನು ಮಿರ್ಚಿ ಕರಿದು ಬಿಸಿ ಬಿಸಿ ತಂದಿಡ್ತೀನಿ, ಆಕೆ ನೂಲು ಬಿಡೋದಿಲ್ಲ. ಎಣ್ಣೆ ಕೈಯಲ್ಲಿ ಮುಟ್ಟಿದರೆ ಬಿಳಿ ನೂಲು ಹೋಯಿತು. ಕೊನೆಗೆ ನಾನೇ ಬಾಯಿಗೆ ಇಡಬೇಕು. ಮಕ್ಕಳು ನೋಡಿ ನಗ್ತಾವೆ.

ಒಗ್ಗರಣಿ ಮಿರ್ಚಿ ಗೊತ್ತಲ್ಲ, ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೇಟೊ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸೋದು. ಗಡಿಯಾಚೆ ಆಂಧ್ರದವರು ಇದನ್ನೇ ಉಗ್ಗಾನಿ ಅಂತಾರೆ. ಯಾರದ್ದು ಮೊದಲು ಅಂತ ಬಳ್ಳಾರಿಯವರ ಹತ್ತಿರ ಕೇಳಬೇಡಿ, ಮಳೆ ನಿಂತರೂ ಮಾತು ನಿಲ್ಲೋದಿಲ್ಲ.

ಆದರೆ ಈ ಕಾಲದ ಅಡುಗೆ ಅಂದರೆ ಪುಂಡಿಪಲ್ಯ. ಮಳೆಗೆ ಪುಂಡಿ ಎಳೆಯದಾಗಿ ಬರ್ತದೆ. ಎಲೆ ಬಿಡಿಸಿ ತೊಳೆದು, ಒಂದು ಕುದಿ ಕುದಿಸಿ ಆ ನೀರು ಸ್ವಲ್ಪ ಚೆಲ್ಲಿ, ಇಲ್ಲಾಂದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಬೇಯಿಸಿ, ಪುಂಡಿ ಸೇರಿಸಿ ಕಡಗೋಲಿನಲ್ಲಿ ಕಡೆಯಿರಿ. ಬೆಳ್ಳುಳ್ಳಿ ಮಾತ್ರ ಜಿಪುಣತನ ಮಾಡಬೇಡಿ, ಒಂದು ಗಡ್ಡೆ ಪೂರ್ತಿ ಜಜ್ಜಿ ಒಗ್ಗರಣೆಗೆ. ಮೇಲೆ ಹಸಿ ಶೇಂಗಾ ಎಣ್ಣೆ. ಮಾರನೇ ದಿನ ಇನ್ನೂ ರುಚಿ.

ಸಿಂಧನೂರು ಸಜ್ಜೆ

ಗಂಗಾವತಿ ಅಣ್ಣಾರೆ, ಅನ್ನದ ಊರಿನವರು ಪುಂಡಿಪಲ್ಯದ ಬಗ್ಗೆ ಹೇಳೋದಾ? ಸರಿ, ಒಪ್ಪಿದೆ, ಬೆಳ್ಳುಳ್ಳಿ ವಿಷಯ ಹೇಳಿದ್ದಕ್ಕೆ.

ಅದಕ್ಕೆ ಜೋಡಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಒಂದು ಗುಟ್ಟು ಹೇಳ್ತೀನಿ. ಸಜ್ಜೆಯಲ್ಲಿ ಜಿಡ್ಡಿನ ಅಂಶ ಜಾಸ್ತಿ. ಹಿಟ್ಟು ಬೀಸಿ ಇಟ್ಟರೆ ಬೇಗ ಕಹಿ ಆಗುತ್ತದೆ, ಈ ತೇವದಲ್ಲಂತೂ ಇನ್ನೂ ಬೇಗ. ವಾರಕ್ಕೆ ಎಷ್ಟು ಬೇಕೋ ಅಷ್ಟೇ ಬೀಸಿಸಿ. ಅಂಗಡಿಯ ಪ್ಯಾಕೆಟ್ ಹಿಟ್ಟು ತಂದು "ಸಜ್ಜೆ ಕಹಿ" ಅನ್ನುವವರಿಗೆ ನಾನು ಬಯ್ಯುತ್ತೇನೆ. ಕುದಿಯುವ ನೀರು ಹಾಕಿ ಕಲಸಿ, ಬಿಸಿ ಇರುವಾಗಲೇ ನಾದಿ. ಕೈ ಸುಡುತ್ತದೆ, ಸುಡಲಿ. ತಟ್ಟುವಾಗ ಮೇಲೆ ಎಳ್ಳು ಚೆಲ್ಲಿ ಒತ್ತಿ.

ಜೊತೆಗೆ ಗುರೆಳ್ಳು ಚಟ್ನಿ ಇದ್ದರೆ ಸಾಕು. ಹಸಿ ಶೇಂಗಾ ಬಂದಿದೆ, ಸಿಪ್ಪೆ ಸಮೇತ ಉಪ್ಪು ಹಾಕಿ ಕುಕ್ಕರಿನಲ್ಲಿ ಕೂಗಿಸಿದರೆ ಸಂಜೆ ಹೋದದ್ದೇ ಗೊತ್ತಾಗುವುದಿಲ್ಲ. ಶೇಂಗಾ ಸುಲಿಯುತ್ತಾ ಓದಬಹುದು. ಮಿರ್ಚಿ ತಿನ್ನುತ್ತಾ ಓದೋಕಾಗಲ್ಲ, ಲೈಬ್ರರಿ ಪುಸ್ತಕಕ್ಕೆ ಎಣ್ಣೆ ಕಲೆ ಮಾಡಿ ಬೈಸಿಕೊಂಡಿದ್ದೇನೆ.

ಕುಷ್ಟಗಿ ಮಗ್ಗ

ಎಲ್ಲ ಓದಿದೆ. ನೂಲಿನ ಬಗ್ಗೆ ನಾಲ್ಕು ಮಾತು. ನಮ್ಮ ಅಜ್ಜ ಕಂಬಳಿ ನೇಯುತ್ತಿದ್ದರು. ನಾನು ಈಗ ಸೀರೆ ಮಗ್ಗದ ಕಡೆ ಇದ್ದೀನಿ.

ಕೆಲವರು ಕೇಳ್ತಾರೆ, ಇಷ್ಟು ಕುರಿ ಇರುವ ಸೀಮೆಯಲ್ಲಿ ಸ್ವೆಟರ್ ಯಾಕೆ ಇಲ್ಲ ಅಂತ. ದಖನಿ ಕುರಿ, ಬಳ್ಳಾರಿ ಕುರಿ ಉಣ್ಣೆ ಒರಟು. ಮೈಗೆ ನೇರ ಹಾಕಿದರೆ ಚುಚ್ಚುತ್ತದೆ. ಸ್ವೆಟರಿಗೆ ಬರುವುದಿಲ್ಲ. ಆದರೆ ಕಂಬಳಿಗೆ ಅದೇ ಬೇಕು. ಹಾಸು ನೂಲಿಗೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಕುದಿಸಿ. ಆ ಗಂಜಿಯ ವಾಸನೆಯೇ ನನಗೆ ಅಜ್ಜನ ವಾಸನೆ. ಅಂಥ ಕಂಬಳಿ ಹೊದ್ದು ಕುರಿಗಾರ ಮಳೆಯಲ್ಲಿ ನಿಂತರೂ ನೀರು ಒಳಗೆ ಇಳಿಯೋಕೆ ಬಹಳ ಹೊತ್ತು ಬೇಕು. ಮಳೆಗೂ ಅದೇ, ಬಿಸಿಲಿಗೂ ಅದೇ, ಹಾಸೋಕೂ ಅದೇ. ಹಾಗಾಗಿ ನಮಗೆ ಸ್ವೆಟರ್ ಬೇಕಾಗಲಿಲ್ಲ ಅಂತ ನನ್ನ ಲೆಕ್ಕ.

ಇನ್ನು ಬಿಚ್ಚುವುದೋ ಬೇಡವೋ. ಇಳಕಲ್ಲು ನಮಗೆ ಹತ್ತಿರ, ಅಲ್ಲಿನ ಸೀರೆಯಲ್ಲಿ ಒಂದು ಕೆಲಸ ಇದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದು ಎಳೆಗೆ ಕೊಂಡಿ ಹಾಕಿ ಸೇರಿಸ್ತಾರೆ. ಕೊಂಡಿ ಅಂತಲೇ ಅದರ ಹೆಸರು. ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ ಅದು, ಆ ಕಡೆ ಒಬ್ಬರು, ಈ ಕಡೆ ಒಬ್ಬರು ಇದ್ದರೆ ಸಲೀಸು. ನಿಮ್ಮ ಸ್ವೆಟರಿಗೂ ಹಾಗೆ ಮಾಡಿ. ಅರ್ಧ ಅವರದ್ದು, ಅರ್ಧ ನಿಮ್ಮದು. ಬಿಚ್ಚೋ ಮಾತು ಯಾಕೆ?

ಸಂಡೂರು ಸೂಜಿ

ಕುಷ್ಟಗಿ ಅಣ್ಣಾ, ಕೇಳೋಕೆ ಚೆನ್ನಾಗಿದೆ. ಆದರೆ ಅವರಿಗೆ ಬರೋದು ಕ್ರೋಶಾ. ಒಂದು ತೋಳು ಹೆಣಿಗೆ, ಒಂದು ತೋಳು ಕ್ರೋಶಾ ಮಾಡಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕ್ರೋಶಾಗೆ ನೂಲೂ ಜಾಸ್ತಿ ಬೇಕು, ಬಟ್ಟೆಯೂ ಬಿರುಸು. ಎರಡು ಉಂಡೆಯಲ್ಲಿ ಆಗೋದಿಲ್ಲ. ಕಡ್ಡಿಯನ್ನೇ ಕಲಿಯಬೇಕು.

ಕೌಲ್ ಬಜಾರ್ ಕೌದಿ (ಬಳ್ಳಾರಿ)

ಸ್ವೆಟರ್ ಬಗ್ಗೆ ನನಗೆ ಅಭಿಪ್ರಾಯ ಇಲ್ಲ. ಮನೆ ಕೆಲಸದ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೆ ಬಂದೆ.

ನಮ್ಮೂರು ಜೀನ್ಸಿಗೆ ಹೆಸರುವಾಸಿ. ನಮ್ಮ ಓಣಿಯಲ್ಲೇ ಹೊಲಿಯುವವರು ಇದ್ದಾರೆ, ಕಟಿಂಗ್ ತುಂಡು ಬೇಕಾದಷ್ಟು ಸಿಗುತ್ತದೆ. ಹೋದ ವರ್ಷ ಇದೇ ಹೊತ್ತಿಗೆ ಅದರಲ್ಲೇ ಕೌದಿ ಹೊಲಿಯೋಣ ಅಂತ ಕೂತೆ. ಆರು ಸೂಜಿ ಮುರಿದೆ. ಮುಗಿದ ಮೇಲೆ ಎತ್ತೋಕೆ ಇಬ್ಬರು ಬೇಕು. ನೆನೆಸಿದರೆ ನಾಲ್ಕು ಜನ ಬೇಕು. ಅದೂ ಅರ್ಧಕ್ಕೇ ತುಂಡು ಖಾಲಿ ಆಗಿ ಗಿಡ್ಡ ಆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಮ್ಮ ಮನೆಯವರು ಹೋದ ಚಳಿಗಾಲ ಪೂರ್ತಿ ಮಡಿಸಿದ ಕಾಲಲ್ಲೇ ಮಲಗಿದರು.

ಹಳೆ ಹತ್ತಿ ಸೀರೆ ಮತ್ತು ಧೋತರವೇ ಸರಿ. ಒಗೆದೂ ಒಗೆದೂ ಮೆತ್ತಗಾದ ಬಟ್ಟೆಗೆ ಸೂಜಿ ತಾನೇ ಹೋಗುತ್ತದೆ. ಈ ವರ್ಷ ಅತ್ತೆಯ ಮೂರು ಸೀರೆ ಸೇರಿಸಿ ಹೊಲಿಯುತ್ತಿದ್ದೇನೆ. ಕರೆಂಟ್ ಹೋದರೂ ಬಾಗಿಲ ಹತ್ತಿರ ಕೂತರೆ ಕಾಣುತ್ತದೆ.

ಕೊಪ್ಪಳದ ಮಾಸ್ತರ

ಓದು ಮತ್ತು ಹೆಣಿಗೆ ಒಟ್ಟಿಗೆ ಆಗುವುದಿಲ್ಲ ಅಂತ ನಿನ್ನೆ ಯಾರೋ ನನಗೆ ಪ್ರತ್ಯೇಕ ಬರೆದಿದ್ದರು. ಆಗುತ್ತದೆ. ಒಬ್ಬರು ಓದಬೇಕು, ಉಳಿದವರು ಕೇಳಬೇಕು. ನಮ್ಮಲ್ಲಿ ಶ್ರಾವಣದಲ್ಲಿ ಪುರಾಣ ಹಚ್ಚುತ್ತಿದ್ದದ್ದು ಹಾಗೇ ಅಲ್ವಾ. ಮಠದ ಅಂಗಳದಲ್ಲಿ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ನನ್ನ ಅವ್ವ, ಸೋದರತ್ತೆ ಎಲ್ಲ ಹತ್ತಿ ಹಿಂಜಿಕೊಂಡು ಹೋಗುತ್ತಿದ್ದರು. ಪುರಾಣ ಮುಗಿಯುವಷ್ಟರಲ್ಲಿ ದೀಪಾವಳಿಗೆ ಆಗುವಷ್ಟು ಹೂಬತ್ತಿ, ಗೆಜ್ಜೆವಸ್ತ್ರ. ಕಣ್ಣು ಬೇಡ, ಬೆರಳು ಸಾಕು ಆ ಕೆಲಸಕ್ಕೆ.

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟದ ಮೇಲೆ ನಾನು ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದುತ್ತೇನೆ. ಮಡದಿ ಬತ್ತಿ ಹೊಸೆಯುತ್ತಾಳೆ. ನಿದ್ದೆ ಬಂದರೆ ಬತ್ತಿ ದಪ್ಪ ಆಗುತ್ತದೆ, ಅದರಿಂದ ಕಥೆ ಚೆನ್ನಾಗಿದೆಯೋ ಇಲ್ಲವೋ ನನಗೆ ತಿಳಿಯುತ್ತದೆ. ಯಾವ ವಿಮರ್ಶಕನೂ ಇಷ್ಟು ನೇರ ಇರುವುದಿಲ್ಲ.

ಪುಸ್ತಕ ಇಲ್ಲದವರು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ನೋಡಬಹುದು. 2020ರಲ್ಲಿ ಶುರುವಾದದ್ದು. ಮೊಬೈಲಿನಲ್ಲೇ ಓದಬಹುದು. ನನಗೆ ಕಾಗದವೇ ಬೇಕು, ಅದು ಬೇರೆ ಮಾತು.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಮೂರು ದಿನ ಬರೆಯೋಕಾಗಲಿಲ್ಲ, ಕ್ಷಮಿಸಿ. ಮನೆಯಲ್ಲಿ ಪಕ್ಷದ ಅಡುಗೆ ಇತ್ತು, ಅಪ್ಪನ ಹೆಸರಿನಲ್ಲಿ.

ಸುಟ್ಟು ನೋಡಿದೆ. ಕಪ್ಪು ಮಣಿ. ಅಕ್ರಿಲಿಕ್ಕೇ! ನಾನು ಅಮ್ಮನಿಗೆ ಹೇಳಿದೆ, ಇದು ಉಣ್ಣೆ ಅಲ್ಲಮ್ಮಾ, ಪ್ಲಾಸ್ಟಿಕ್ ಇದ್ದಂಗೆ ಅಂತ. ಅಮ್ಮನಿಗೆ ಸಿಟ್ಟು ಬಂತು. "ಅಂಗಡಿಯವ ಆಗ ಹೇಳಲಿಲ್ಲ ನೋಡು" ಅಂದರು. ಮೂವತ್ತೈದು ವರ್ಷದ ಹಿಂದಿನ ಅಂಗಡಿಯವನ ಮೇಲೆ ಈಗ ಸಿಟ್ಟು. ನಕ್ಕೂ ನಕ್ಕೂ ಸಾಕಾಯಿತು.

ಆಮೇಲೆ ಮಾಸ್ತರ್ರು ಬರೆದ ಬತ್ತಿಯ ಮಾತು ಓದಿ ಹೇಳಿದೆ. ಕಣ್ಣು ಬೇಡ, ಬೆರಳು ಸಾಕು ಅನ್ನೋದು. ಅಮ್ಮ ಏನೂ ಅನ್ನಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ, "ಆ ಕಡ್ಡಿ ಇತ್ತ ತಾ" ಅಂದರು. ಕೊಟ್ಟೆ. ಕಣ್ಣು ಮುಚ್ಚಿಕೊಂಡೇ ಬೆರಳಿನಲ್ಲಿ ಮನೆ, ಅಂದರೆ ಕಡ್ಡಿಯ ಮೇಲಿನ ಕುಣಿಕೆ, ಎಣಿಸಿದರು. ನಲವತ್ತೆರಡು. ಆಮೇಲೆ ನಾನು ಎಣಿಸಿದೆ, ನಲವತ್ತೆರಡೇ ಇದ್ದವು.

ಒಂದು ಸಾಲು ಹಾಕಿದರು. ಸೀದಾ, ಉಲ್ಟಾ, ಸೀದಾ, ಉಲ್ಟಾ ಅಂತ ಬಾಯಲ್ಲಿ ಹೇಳಿಕೊಂಡು. ಎರಡನೇ ಸಾಲಿನಲ್ಲಿ ಒಂದು ಮನೆ ಜಾರಿತು. ಅದು ಅವರಿಗೆ ಗೊತ್ತಾಗಲಿಲ್ಲ, ನನಗೆ ಕಾಣಿಸಿತು. ನನ್ನ ಕ್ರೋಶಾ ಕೊಂಡಿಯಲ್ಲಿ ಜಾರಿದ್ದನ್ನು ಮೇಲಕ್ಕೆ ಎತ್ತಿ ಕಡ್ಡಿಗೆ ಏರಿಸಿದೆ. ಅಷ್ಟು ಬಂತು ನನಗೆ.

ಸಿಂಧನೂರು ಸಜ್ಜೆ

ಅಯ್ಯೋ ಅಕ್ಕಾ! ರೊಟ್ಟಿ ತಟ್ಟೋದು ಬಿಟ್ಟು ಓದ್ತಿದ್ದೆ, ಹಂಚಿನ ಮೇಲಿದ್ದದ್ದು ಸೀದು ಹೋಯಿತು.

ಸಂಡೂರು ಸೂಜಿ

ನಾನು ಬಿಚ್ಚಿ ಅಂದದ್ದು ವಾಪಸ್ ತಗೊಂಡೆ. ಜಾರಿದ ಮನೆ ಕೊಂಡಿಯಲ್ಲಿ ಎತ್ತೋದು ಹೆಣಿಗೆಯವರೂ ಮಾಡ್ತಾರೆ, ನೀವು ಕಲಿಯದೆ ಕಲಿತಿದ್ದೀರಿ. ಒಂದು ಎಚ್ಚರಿಕೆ. ನೀವು ಮುಂದುವರಿಸಿದರೆ ನಿಮ್ಮ ಕೈ ಬಿಗಿ ಬೇರೆ, ಅಮ್ಮನ ಕೈ ಬಿಗಿ ಬೇರೆ. ಅದೇ ಕಡ್ಡಿ, ಅದೇ ನೂಲು ಆದರೂ ತೋಳು ಸಣ್ಣದೋ ದೊಡ್ಡದೋ ಆಗುತ್ತದೆ. ಬೇರೆ ನೂಲಿನಲ್ಲಿ ಒಂದು ಗೇಣು ಚೌಕ ಹಾಕಿ ನೋಡಿ. ಅಮ್ಮನ ತುಂಡಿನಲ್ಲಿ 10 ಸೆಂಟಿಮೀಟರಿಗೆ ಎಷ್ಟು ಮನೆ ಇದೆ, ನಿಮ್ಮದರಲ್ಲಿ ಎಷ್ಟು, ಎಣಿಸಿ.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಎಣಿಸಿದೆ. ಅಮ್ಮನದು 21, ನನ್ನದು 25. ನಾನು ಬಿಗಿ. "ನಿಂದು ಮೊದಲಿಂದಲೂ ಹಂಗ, ಜಡಿ ಹಾಕಿದ್ರೂ ಬಿಗಿ" ಅಂದರು ಅಮ್ಮ. ಒಂದು ನಂಬರ್ ದಪ್ಪ ಕಡ್ಡಿ ತಂದು ಮತ್ತೆ ಹಾಕಿದೆ, 22 ಬಂತು. ಸಾಕು ಅಂತ ಒಪ್ಪಿದರು.

ಈಗ ನಮ್ಮ ಕ್ರಮ ಹೀಗಿದೆ. ಮಧ್ಯಾಹ್ನ ಬೆಳಕಿನಲ್ಲಿ ನಾನು ನಾಲ್ಕು ಸಾಲು. ಸಂಜೆ ಅಮ್ಮ ಒಂದು ಸಾಲು, ನಾನು ಪಕ್ಕದಲ್ಲಿ ಕೊಂಡಿ ಹಿಡಿದು ಕಾವಲು. ಎಂಟು ಸಾಲಿಗೊಮ್ಮೆ ಎರಡೂ ತುದಿಗೆ ಒಂದೊಂದು ಮನೆ ಏರಿಸಬೇಕು, ಅದನ್ನು ಅವರೇ ಮಾಡಬೇಕಂತೆ. ನನ್ನ ಮೇಲೆ ನಂಬಿಕೆ ಇಲ್ಲ. ಸಾಲಿನ ಲೆಕ್ಕಕ್ಕೆ ಅವರು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಶೇಂಗಾ ಬೀಜ ಹಾಕುತ್ತಾರೆ. ನಡುವೆ ನಾನು ಒಂದೆರಡು ತಿಂದು ಬಿಡುತ್ತೇನೆ, ಲೆಕ್ಕ ತಪ್ಪುತ್ತದೆ.

ಸಮಸ್ಯೆ ಒಂದಿದೆ. ನೂಲು ಸಾಲುವುದಿಲ್ಲ. ತೋಳು ಮುಗಿಯಬಹುದು, ಕತ್ತಿನ ಪಟ್ಟಿಗೆ ಉಳಿಯುವುದಿಲ್ಲ. ಇಲ್ಲಿನ ಮೂರು ಅಂಗಡಿ ಸುತ್ತಿದೆ, ಇದೇ ಹಸಿರು ಸಿಗಲಿಲ್ಲ.

ಕುಷ್ಟಗಿ ಮಗ್ಗ

ಸಿಗುವುದಿಲ್ಲ ತಂಗೀ. ಒಂದೇ ಬಣ್ಣವನ್ನು ಹೋದ ತಿಂಗಳು ಅದ್ದಿದ್ದಕ್ಕೂ ಈ ತಿಂಗಳು ಅದ್ದಿದ್ದಕ್ಕೂ ಒಂದು ಎಳೆ ವ್ಯತ್ಯಾಸ ಬರುತ್ತದೆ. ಮೂವತ್ತೈದು ವರ್ಷದ್ದು ಎಲ್ಲಿ ಹುಡುಕುತ್ತೀರಿ? ಹತ್ತಿರದ ಹಸಿರು ಹಾಕಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಪೂರಾ ಬೇರೆ ಬಣ್ಣ ಹಾಕಿ. ಸೀರೆಗೆ ದಡಿ ಬೇರೆ ಬಣ್ಣ ಇರೋದಿಲ್ಲವಾ? ಹಸಿರು ಒಡಲಿಗೆ ಕೆಂಪು ದಡಿ, ಇಲ್ಲಾಂದರೆ ಅರಿಶಿನ.

ಬೆಂಗಳೂರಿನಲ್ಲಿರೋ ಮಾನ್ವಿಯವ

ಕೆಂಪು ದಡಿ ಹಾಕಿ. ನಾನು ಅದನ್ನೇ ಹಾಕ್ಕೊಂಡು ಆಫೀಸಿಗೆ ಹೋಗಿ ಫೋಟೋ ತೆಗೆಸಿಕೊಳ್ತೀನಿ. ಬೆಕ್ಕು ಬೇಡ, ಕೈಯಲ್ಲಿ ಸಜ್ಜೆ ರೊಟ್ಟಿ.

ಗಂಗಾವತಿ ಗದ್ದೆ

ಮನೆಯಾಕೆ ಹೇಳ್ತಿದ್ದಾಳೆ, ಆಕೆಯ ಹತ್ತಿರ ಕುಂಕುಮ ಕೆಂಪು ಅರ್ಧ ಉಂಡೆ ಇದೆಯಂತೆ. ತೋರಣ ಮಾಡಿ ಉಳಿದದ್ದು. ಮಹಾನವಮಿಗೆ ನಾವು ಬಳ್ಳಾರಿಗೆ ಬರ್ತೀವಿ, ನಾದಿನಿಯ ಮನೆಗೆ. ತಂದು ಕೊಡ್ತಾಳೆ. ಬನ್ನಿಯ ಜೊತೆಗೇ ಕೊಟ್ಟರಾಯಿತು.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಬನ್ನಿ ಅಣ್ಣಾ, ಇಬ್ಬರೂ ಊಟಕ್ಕೇ ಬನ್ನಿ. ಅಮ್ಮ ಅರಿಶಿನ ಬೇಡ, ಕೆಂಪೇ ಇರಲಿ ಅಂದರು. ಮಾನ್ವಿ ತಮ್ಮನಿಗೆ ಸ್ವೆಟರ್ ಕೊಡೋ ವಿಷಯ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಎದೆಯ ಅಳತೆ ಎಷ್ಟು ಅಂತ ಕೇಳು ಅಂದಿದ್ದಾರೆ. ಅಪ್ಪನದು 38 ಇತ್ತಂತೆ.

ಮತ್ತೆ ಗಂಗಾವತಿ ಅಣ್ಣಾ, ಅಮ್ಮನ ಪ್ರಶ್ನೆ. ಪುಂಡಿಪಲ್ಯಕ್ಕೆ ತೊಗರಿಬೇಳೆ ಎಷ್ಟು ಹಾಕ್ತೀರಿ? ನೀವು ಹೇಳಿದ ಹಾಗೆ ಮಾಡಿದೆ, ಪಲ್ಯ ಹೋಗಿ ಬೇಳೆ ಸಾರು ಆಯಿತು ಅಂತ ಅವರ ತಕರಾರು.